ಗಾಡಿ ಪ್ರಶ್ನೋತ್ತರ: ಉಪ್ಪುಗಾಳಿಗೂ ರಾಡಿಗೂ ತಡೆಯುವ ಸೈಡ್ ಸ್ಟೆಪ್

ಪಿಕಪ್ ಗಾಡಿಗೆ ಹತ್ತಲು ಬಾಗಿಲ ಕೆಳಗೆ ಹಾಕಿಸುವ ಸೈಡ್ ಸ್ಟೆಪ್ ಬಗ್ಗೆ ಘಟ್ಟದ ಕೆಳಗಿನಿಂದಲೂ ಮೇಲಿನಿಂದಲೂ ಪತ್ರಗಳು ಬಂದಿವೆ. ಈ ಸಲ ಅವುಗಳಿಗೇ ಜಾಗ.

ಪ್ರಶ್ನೆ: ಹೊಸ ಡಬಲ್ ಕ್ಯಾಬ್ ಪಿಕಪ್ ತೆಗೆದುಕೊಂಡಿದ್ದೇವೆ. ಮನೆಯಿಂದ ಸಮುದ್ರ ಅರ್ಧ ಕಿಲೋಮೀಟರ್. ಬೈತಖೋಲ್ ಬಂದರಿನಿಂದ ಮೀನಿನ ಪೆಟ್ಟಿಗೆಯನ್ನೂ ಹೇರುತ್ತೇವೆ. ಅಂಗಡಿಯವರು ಹೊಳೆಯುವ ಸ್ಟೆಪ್ ತೋರಿಸಿ ‘ಇದು ಎಸ್‌ಎಸ್, ತುಕ್ಕಿನ ಮಾತೇ ಇಲ್ಲ’ ಅನ್ನುತ್ತಾರೆ. ಪೌಡರ್ ಕೋಟಿಂಗ್ ಮಾಡಿದ ಕಪ್ಪು ಸ್ಟೆಪ್ ಇದಕ್ಕಿಂತ ಅಗ್ಗ. ಯಾವುದು ಬಾಳಿಕೆ ಬರುತ್ತದೆ?
— ಕಾರವಾರ

ಉತ್ತರ: ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಅಂದರೆ ಒಂದೇ ಲೋಹವಲ್ಲ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 202 ಮತ್ತು 304 ಎಂಬ ದರ್ಜೆಗಳು. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಅಗ್ಗ, ಆದರೆ ಉಪ್ಪುಗಾಳಿಗೆ ಬೇಗ ಸೋಲುತ್ತದೆ. 316ರಲ್ಲಿ ಇನ್ನೂ 2–3 ಪಾಲು ಮಾಲಿಬ್ಡಿನಂ ಸೇರಿರುತ್ತದೆ. ಸಮುದ್ರದ ಪಕ್ಕಕ್ಕೆ ಹೇಳಿ ಮಾಡಿಸಿದ್ದು ಅದೇ, ಆದರೆ ಗಾಡಿಯ ಸ್ಟೆಪ್ಪಿನಲ್ಲಿ ಸಿಗುವುದು ಅಪರೂಪ.

ಆಯಸ್ಕಾಂತ ಹಚ್ಚಿ ನೋಡುವ ರೂಢಿ ಇದೆಯಲ್ಲ, ಅದರಿಂದ ಇಲ್ಲಿ ಪ್ರಯೋಜನವಿಲ್ಲ. 202ಕ್ಕೂ 304ಕ್ಕೂ ಆಯಸ್ಕಾಂತ ಅಂಟುವುದಿಲ್ಲ. 304ರ ಪೈಪನ್ನೇ ಬಗ್ಗಿಸಿದ ಜಾಗದಲ್ಲಿ ಸ್ವಲ್ಪ ಎಳೆಯುವುದೂ ಉಂಟು. ಸ್ಟೀಲ್ ವ್ಯಾಪಾರಿಗಳ ಹತ್ತಿರ 9 ವೋಲ್ಟ್ ಬ್ಯಾಟರಿಯ ಜೊತೆ ಬಳಸುವ ಪರೀಕ್ಷಾ ದ್ರಾವಣ ಇರುತ್ತದೆ; ಮ್ಯಾಂಗನೀಸ್ ಹೆಚ್ಚಿರುವ 202ರ ಮೇಲೆ ಹನಿ ಕೆಂಪಾಗುತ್ತದೆ. ಕಾಣದ ತುದಿಯಲ್ಲಿ ಒಂದು ಹನಿ ಹಾಕಿಸಿ ನೋಡಿ. ಬಿಲ್ಲಿನಲ್ಲಿ ‘ಎಸ್‌ಎಸ್’ ಎಂದಷ್ಟೇ ಬರೆಸಿಕೊಳ್ಳಬೇಡಿ, ‘ಎಸ್‌ಎಸ್ 304’ ಎಂದು ಬರೆಯಲಿ. ಬರೆಯಲು ಹಿಂದೆಮುಂದೆ ನೋಡಿದರೆ ಅರ್ಥವಾಯಿತಲ್ಲ.

ಆದರೆ ನಮ್ಮ ಕರಾವಳಿಯಲ್ಲಿ ಸ್ಟೆಪ್ ಹಾಳಾಗುವುದು ಕಣ್ಣಿಗೆ ಕಾಣುವ ಪೈಪಿನಿಂದ ಅಲ್ಲ. ಬ್ರಾಕೆಟ್, ಬೋಲ್ಟ್, ಪೈಪಿನ ಒಳಮೈ, ಈ ಮೂರು ಕಡೆಯಿಂದ. ಪೈಪು ಪಳಪಳ ಎಸ್‌ಎಸ್, ಅದನ್ನು ಹೊತ್ತ ಬ್ರಾಕೆಟ್ ಕಪ್ಪು ಬಣ್ಣ ಬಳಿದ ಸಾದಾ ಕಬ್ಬಿಣ, ಬೋಲ್ಟಿಗೆ ತೆಳ್ಳಗಿನ ಝಿಂಕ್ ಪ್ಲೇಟಿಂಗ್: ಬಹುತೇಕ ‘ಎಸ್‌ಎಸ್ ಸ್ಟೆಪ್’ಗಳ ಒಳಗುಟ್ಟು ಇಷ್ಟೇ. ದೊಡ್ಡ ಎಸ್‌ಎಸ್ ಮೈಗೆ ಸಣ್ಣ ಝಿಂಕ್ ಬೋಲ್ಟ್ ತಾಗಿ ನಡುವೆ ಉಪ್ಪುನೀರು ನಿಂತರೆ, ಬೋಲ್ಟಿನ ಝಿಂಕ್ ಮೊದಲು ಕರಗುತ್ತದೆ, ಆಮೇಲೆ ಬೋಲ್ಟೇ ಕರಗುತ್ತದೆ. ಹೀಗಾಗಿ ಅಂಗಡಿಯಲ್ಲಿ ಸ್ಟೆಪ್ಪನ್ನು ತಿರುಗಿಸಿ ಹಿಂಭಾಗ ನೋಡಿ. ಬ್ರಾಕೆಟ್ 4–5 ಮಿ.ಮೀ. ದಪ್ಪದ ತಗಡಿನದಾಗಿರಬೇಕು, ಮೂಲೆಗೆ ತ್ರಿಕೋನದ ಆಸರೆ ತುಂಡು ಬೆಸೆದಿರಬೇಕು, ಡಬಲ್ ಕ್ಯಾಬಿಗೆ ಒಂದು ಬದಿಗೆ ಮೂರಾದರೂ ಬ್ರಾಕೆಟ್ ಇರಬೇಕು. 100 ಕಿಲೋ ಭಾರದ ಮನುಷ್ಯ ಚಾಸಿಯಿಂದ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿನಿಂದ) 25 ಸೆಂ.ಮೀ. ಹೊರಗೆ ಕಾಲಿಟ್ಟರೆ ಬ್ರಾಕೆಟ್ಟಿನ ಬುಡಕ್ಕೆ ಸುಮಾರು 245 ನ್ಯೂಟನ್ ಮೀಟರ್ ತಿರುಚು ಬೀಳುತ್ತದೆ. ಜಿಗಿದು ಹತ್ತಿದರೆ ಅದರ ದುಪ್ಪಟ್ಟೂ ಆಗಬಹುದು.

ಪೈಪಿನ ದಪ್ಪವನ್ನು ತಕ್ಕಡಿ ಹೇಳುತ್ತದೆ. 76 ಮಿ.ಮೀ. ವ್ಯಾಸದ ಪೈಪಿನ ಗೋಡೆ 2 ಮಿ.ಮೀ. ಇದ್ದರೆ ಮೀಟರಿಗೆ ಸುಮಾರು 3.7 ಕಿಲೋ, 1.2 ಮಿ.ಮೀ. ಆದರೆ 2.2 ಕಿಲೋ. 1.8 ಮೀಟರ್ ಉದ್ದದ ಬರೀ ಪೈಪು ಆರೂವರೆ ಕಿಲೋದ ಬದಲು ನಾಲ್ಕೇ ಕಿಲೋ ತೂಗಿದರೆ ಅದು ಕಾಲಿಡಲು ಅಲ್ಲ, ನೋಡಲು ಮಾಡಿದ್ದು.

ನಿಮ್ಮ ಬಳಕೆಗೆ ನಮ್ಮ ಮೊದಲ ಆಯ್ಕೆ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿ (ಕಾದ ಝಿಂಕಿನಲ್ಲಿ ಅದ್ದಿ ತೆಗೆದು), ಅದರ ಮೇಲೆ ಝಿಂಕಿಗೆ ಬಣ್ಣ ಕಚ್ಚಿಸುವ ಎಚ್ (etch) ಪ್ರೈಮರ್ ಹಾಕಿ ಬಣ್ಣ ಬಳಿದ ಕಬ್ಬಿಣದ ಸ್ಟೆಪ್. 1.5ರಿಂದ 3 ಮಿ.ಮೀ. ದಪ್ಪದ ಉಕ್ಕಿನ ಮೇಲೆ ಈ ಝಿಂಕ್ ಪದರ ಸುಮಾರು 55 ಮೈಕ್ರಾನ್ ಬರುತ್ತದೆ. ಮಾಮೂಲಿ ಪ್ಲೇಟಿಂಗ್ ಹತ್ತರ ಆಚೀಚೆ. ಪೈಪಿನ ಒಳಗೂ ಝಿಂಕ್ ಹೋಗುವುದು ಇದರ ದೊಡ್ಡ ಲಾಭ. ಅದು ಸಿಗದಿದ್ದರೆ 304ರ ಪೈಪು, 304ರದೇ ಬ್ರಾಕೆಟ್, ಎ2 ಅಥವಾ ಎ4 ದರ್ಜೆಯ ಎಸ್‌ಎಸ್ ಬೋಲ್ಟ್, ಎಲ್ಲವೂ ಒಂದೇ ಜಾತಿ. ಆಗಲೂ ಚಹಾ ಚೆಲ್ಲಿದಂಥ ಕಂದು ಕಲೆ ಬೀಳುತ್ತದೆ, ಅದು ಮೇಲ್ಮೈಯದು. ನೈಲಾನ್ ಬ್ರಶ್, ಸಾಬೂನು ನೀರು ಸಾಕು. ಪಾತ್ರೆ ಉಜ್ಜುವ ಕಬ್ಬಿಣದ ನಾರು, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಎರಡನ್ನೂ ಹತ್ತಿರ ತರಬೇಡಿ.

ಬರೀ ಪೌಡರ್ ಕೋಟಿಂಗ್ ಇರುವ ಸ್ಟೆಪ್ಪಿನಲ್ಲಿ ಮುಂದಿನ ಚಕ್ರದ ಹಿಂದಿನ ತುದಿಯೇ ಮೊದಲ ಬಲಿ. ಅಲ್ಲಿಗೆ ಜಲ್ಲಿ ಸಿಡಿಯುತ್ತದೆ, ಕೋಟಿಂಗ್ ಚಕ್ಕೆ ಏಳುತ್ತದೆ, ತುಕ್ಕು ಒಳಗೊಳಗೇ ಹರಡುತ್ತದೆ.

ಮೀನಿನ ಪೆಟ್ಟಿಗೆಯ ಐಸ್ ಕರಗಿ ಇಳಿಯುವ ನೀರೂ ಉಪ್ಪೇ ಎಂಬುದನ್ನು ಮರೆಯಬೇಡಿ. ಅದು ಟ್ರೇಯ ಮುಂದಿನ ಅಂಚಿನಿಂದ ಸೋರಿ ಹಿಂದಿನ ಬ್ರಾಕೆಟ್ಟಿನ ಮೇಲೆಯೇ ಬೀಳುತ್ತದೆ. ಬಂದರಿನಿಂದ ಬಂದ ದಿನವೇ ಸಿಹಿನೀರಿನಲ್ಲಿ ಅಡಿಯಿಂದ ತೊಳೆಯಿರಿ. ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುವ ಮನೆಯಾದರೆ ಆ ನೀರು ಬೇಡ.

ಪ್ರಶ್ನೆ: ತೋಟಕ್ಕೆ ಹೋಗುವ ದಾರಿ ಮಣ್ಣಿನದು, ಮಳೆಗಾಲದಲ್ಲಿ ಚಕ್ರದ ಗಾಡು ಆಳವಾಗುತ್ತದೆ. ಸೊಪ್ಪಿನಬೆಟ್ಟಕ್ಕೂ ಗಾಡಿ ಒಯ್ಯುತ್ತೇವೆ. ಆದರೆ ಮನೆಯಲ್ಲಿ ಮಂಡಿನೋವಿನ ಅಮ್ಮ ಇದ್ದಾರೆ, ಅವರಿಗೆ ಹತ್ತಲು ಸ್ಟೆಪ್ ಬೇಕೇ ಬೇಕು. ದುಂಡು ಪೈಪಿನದೋ, ಚಪ್ಪಟೆ ಹಲಗೆಯದೋ?
— ಶಿರಸಿ ತಾಲ್ಲೂಕು

ಉತ್ತರ: ನಿಮ್ಮಲ್ಲಿ ಶತ್ರು ಉಪ್ಪಲ್ಲ, ಕೆಸರು ಮತ್ತು ಕಲ್ಲು. ಅಮ್ಮನಿಗೆ ಬೇಕಾದಷ್ಟು ಕೆಳಗೆ ಸ್ಟೆಪ್ ಇಳಿಸಿದರೆ ಗಾಡಿನ ನಡುದಿಬ್ಬಕ್ಕೂ ದಣಪೆಯ (ತೋಟದ ಬಾಗಿಲಿನ) ಕಲ್ಲಿಗೂ ತಾಗುತ್ತದೆ. ಏರಿಸಿದರೆ ಅಮ್ಮನಿಗೆ ನಿಲುಕುವುದಿಲ್ಲ. ಸ್ಟೆಪ್ ಕೊಳ್ಳುವ ಮೊದಲು ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ ಎರಡು ಅಳತೆ ತೆಗೆಯಿರಿ: ನೆಲದಿಂದ ಚಾಸಿಯ ಅಡಿ ಅಂಚಿಗೆ ಎಷ್ಟು, ನೆಲದಿಂದ ಕ್ಯಾಬಿನ್ ನೆಲಕ್ಕೆ ಎಷ್ಟು. ಸ್ಟೆಪ್ಪಿನ ಅಡಿಭಾಗ ಚಾಸಿಯ ಅಂಚಿಗಿಂತ 4–5 ಸೆಂ.ಮೀ.ಗಿಂತ ಹೆಚ್ಚು ಜೋತುಬೀಳಬಾರದು. ಎರಡು ಚಕ್ರಗಳ ನಡುಭಾಗದಲ್ಲಿ ಜೋತದ್ದೇ ದಿಬ್ಬ ದಾಟುವಾಗ ಮೊದಲು ನೆಲ ಹಿಡಿಯುವುದು.

ಅಮ್ಮನ ಸಮಸ್ಯೆಯನ್ನು ಸ್ಟೆಪ್ ಒಂದರಿಂದಲೇ ಬಗೆಹರಿಸಲು ಹೋಗಬೇಡಿ. ಬಾಗಿಲಿನ ಒಳಗಂಬಕ್ಕೆ ಹಿಡಿಕೆ ಇಲ್ಲದಿದ್ದರೆ ಕಂಪನಿಯ ಹಿಡಿಕೆ ಹಾಕಿಸಿ. ಅಂಗಳದಲ್ಲಿ ಹತ್ತುವಾಗ 15–18 ಸೆಂ.ಮೀ. ಎತ್ತರದ ಅಗಲವಾದ ಮರದ ಮಣೆಯೊಂದನ್ನು ಇಟ್ಟರೆ ಮನೆಯ ಮೆಟ್ಟಿಲು ಹತ್ತಿದಷ್ಟೇ ಆಗುತ್ತದೆ. ಮಂಡಿಗೆ ಎತ್ತರಕ್ಕಿಂತ ಹೆಚ್ಚು ಕಷ್ಟ ಕೊಡುವುದು ಕಾಲಿಡಲು ಜಾಗ ಸಾಲದಿರುವುದು. ಪಾದದ ಅರ್ಧಕ್ಕಾದರೂ ಆಸರೆ ಬೇಕು, ಅಂದರೆ 12–15 ಸೆಂ.ಮೀ. ಅಗಲ.

ಹಾಗಾಗಿ ದುಂಡು ಪೈಪು ಬೇಡ. ಒದ್ದೆ ಚಪ್ಪಲಿಗೆ ಅದರ ಮೇಲಿನ ಪ್ಲಾಸ್ಟಿಕ್ ಪ್ಯಾಡು ಜಾರುತ್ತದೆ, ಅದರ ಕ್ಲಿಪ್ಪುಗಳು ಬಿಸಿಲಿಗೆ ಸೆಟೆದು ಮುರಿಯುತ್ತವೆ. ಪೂರ್ತಿ ಮುಚ್ಚಿದ ಚೆಕ್ಕರ್ ಪ್ಲೇಟೂ ಬೇಡ, ಕೆಂಪು ರಾಡಿ ಅದರ ಮೇಲೆ ಗಿಲಾವಿನ ಹಾಗೆ ಕೂರುತ್ತದೆ. ಹಲ್ಲಿನ ಅಂಚಿರುವ, ದೊಡ್ಡ ತೂತುಗಳ ತಗಡಿನ ಸ್ಟೆಪ್ ಆರಿಸಿ. ರಾಡಿ ತೂತಿನಿಂದ ಕೆಳಗೆ ಬೀಳುತ್ತದೆ, ಕಾಲು ಕಚ್ಚಿಕೊಳ್ಳುತ್ತದೆ. ಸ್ಟೆಪ್ಪಿಗೂ ಬಾಡಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು ಇರಲಿ. ಇಲ್ಲದಿದ್ದರೆ ತರಗೆಲೆ, ಮಣ್ಣು ಸಿಕ್ಕಿ ಮಳೆಗಾಲವಿಡೀ ಹಸಿಯಾಗಿ ಉಳಿದು ಬಾಡಿಯ ಕೆಳ ಅಂಚೇ ಕೊಳೆಯುತ್ತದೆ.

ಕಲ್ಲಿಗೆ ತಾಗುವುದು ಖಾತ್ರಿ ಎನ್ನುವ ದಾರಿಯಾದರೆ ಬೇಕಾದದ್ದು ಸ್ಟೆಪ್ಪಲ್ಲ, ರಾಕ್ ಸ್ಲೈಡರ್. ಸ್ಟೆಪ್ ಹೊರುವುದು ಮನುಷ್ಯನನ್ನು, ಸ್ಲೈಡರ್ ಹೊರುವುದು ಗಾಡಿಯನ್ನು. ಅದರ ಪೈಪು 3 ಮಿ.ಮೀ. ಅಥವಾ ಹೆಚ್ಚು ದಪ್ಪದ್ದು, ಹಿಡಿತ ಚಾಸಿಗೆ ಮಾತ್ರ. ಭಾರವೂ ಜಾಸ್ತಿ, ಬೆಲೆಯೂ ಜಾಸ್ತಿ.

ಪ್ರಶ್ನೆ: ನಮ್ಮೂರ ವೆಲ್ಡಿಂಗ್ ಶಾಪಿನವರು ಒಳ್ಳೆಯ ದಪ್ಪ ಪೈಪಿನಲ್ಲಿ ಸ್ಟೆಪ್ ಮಾಡಿ ಸೀದಾ ಚಾಸಿಗೇ ವೆಲ್ಡ್ ಮಾಡಿಕೊಡುತ್ತೇನೆ, ಅಲುಗಾಡುವುದಿಲ್ಲ ಅನ್ನುತ್ತಾರೆ. ಮಾಡಿಸಬಹುದೇ?
— ಕುಮಟಾ

ಉತ್ತರ: ಸ್ಟೆಪ್ ಮಾಡಿಸಿ, ಚಾಸಿಗೆ ವೆಲ್ಡ್ ಮಾತ್ರ ಬೇಡ. ವೆಲ್ಡಿಂಗ್ ಶಾಖಕ್ಕೆ ಚಾಸಿಯ ಉಕ್ಕಿನ ಗುಣ ಬೆಸುಗೆಯ ಅಕ್ಕಪಕ್ಕ ಬದಲಾಗುತ್ತದೆ, ಮುಂದೆ ಬಿರುಕು ಹುಟ್ಟುವುದು ಅದೇ ಗೆರೆಯಲ್ಲಿ. ದೇವಿಮನೆ ಘಟ್ಟದಲ್ಲಿ ಲೋಡ್ ಹೊತ್ತು ತಿರುವಿನ ಮೇಲೆ ತಿರುವು ಹತ್ತುವ ಗಾಡಿಯ ಚಾಸಿ ಸದಾ ತಿರುಚಿಕೊಳ್ಳುತ್ತಲೇ ಇರುತ್ತದೆ. ಹೊಸ ತೂತು ಕೊರೆಯುವುದೂ ಬೇಡ: ಚಾಸಿಯ ಒಳಗೂ ಪಕ್ಕದಲ್ಲೂ ಬ್ರೇಕ್ ಪೈಪು, ಡೀಸೆಲ್ ಪೈಪು, ವೈರಿಂಗ್ ಹಾದಿರುತ್ತವೆ. ಕೊರೆದ ಬರಿ ಅಂಚಿನಿಂದಲೇ ತುಕ್ಕು ಶುರುವಾಗುತ್ತದೆ. ವಾರಂಟಿ ಉಳಿದಿದ್ದರೆ ಅದಕ್ಕೂ ತಕರಾರು ಬರುತ್ತದೆ.

ಕಂಪನಿಯೇ ಬಿಟ್ಟಿರುವ ತೂತು ಮತ್ತು ನಟ್‌ಗಳ ಜಾಗವನ್ನು ಮೊದಲು ಹುಡುಕಿ. ಅದಕ್ಕೆ ಹೊಂದುವಂತೆ ಬ್ರಾಕೆಟ್ ಮಾಡಿಸಿ ಬೋಲ್ಟ್ ಹಾಕಿಸಿ. ಇನ್ನೊಂದು ಸಂಗತಿ, ಇದನ್ನು ಅನೇಕ ಶಾಪಿನವರು ಗಮನಿಸುವುದಿಲ್ಲ: ಪಿಕಪ್ಪಿನಲ್ಲಿ ಕ್ಯಾಬಿನ್ ಚಾಸಿಯ ಮೇಲೆ ರಬ್ಬರ್ ಬುಶ್‌ಗಳ ಮೇಲೆ ಕೂತಿರುತ್ತದೆ, ಎರಡೂ ಬೇರೆಬೇರೆಯಾಗಿ ಅಲುಗುತ್ತವೆ. ಒಂದು ಬ್ರಾಕೆಟ್ ಚಾಸಿಗೆ, ಇನ್ನೊಂದು ಕ್ಯಾಬಿನ್ ಅಡಿಗೆ ಬಿಗಿದರೆ ಆ ಅಲುಗಾಟವೆಲ್ಲ ಸ್ಟೆಪ್ಪಿನ ಮೇಲೆ ಬಿದ್ದು ಬೆಸುಗೆ ಬಿಡುತ್ತದೆ. ಹಿಡಿದರೆ ಎಲ್ಲವೂ ಚಾಸಿಗೆ, ಇಲ್ಲವೇ ಎಲ್ಲವೂ ಕ್ಯಾಬಿನ್ನಿಗೆ. ಕ್ಯಾಬಿನ್ ದಾಟಿ ಟ್ರೇಯ ಕೆಳಗೂ ಚಾಚುವ ಉದ್ದನೆಯ ಸ್ಟೆಪ್ಪಾದರೆ ಚಾಸಿಯೇ ಗತಿ.

ಶಾಪಿನಲ್ಲಿ ಮಾಡಿಸುವಾಗ ಪೈಪಿನ ಎರಡೂ ತುದಿಯ ಕೆಳಭಾಗದಲ್ಲಿ 8 ಮಿ.ಮೀ.ನ ಒಂದೊಂದು ತೂತು ಬಿಡಿಸಿ. ನೀರು ಇಳಿಯಲು ಅದು ಬೇಕು. ಗ್ಯಾಲ್ವನೈಸಿಂಗಿಗೆ ಕಳಿಸುವುದಿದ್ದರಂತೂ ತೂತು ಕಡ್ಡಾಯ. ಎಲ್ಲ ಕಡೆ ಮುಚ್ಚಿದ ಪೈಪನ್ನು ಕಾದ ಝಿಂಕಿನಲ್ಲಿ ಅದ್ದಿದರೆ ಒಳಗಿನ ಗಾಳಿ, ತೇವ ಉಬ್ಬಿ ಪೈಪು ಸಿಡಿಯುತ್ತದೆ. ಎಷ್ಟು ತೂತು, ಎಷ್ಟು ದೊಡ್ಡದು ಎಂದು ಗ್ಯಾಲ್ವನೈಸ್ ಮಾಡುವವರನ್ನೇ ಮೊದಲು ಕೇಳಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಹಾಕಿಸಿದ ಕಪ್ಪು ಸ್ಟೆಪ್ಪಿನಲ್ಲಿ ಬ್ರಾಕೆಟ್ ಹತ್ತಿರ ಬಣ್ಣ ಗುಳ್ಳೆ ಎದ್ದಿದೆ. ಮೇಲಿಂದ ಬಣ್ಣ ಹೊಡೆದರೂ ಮತ್ತೆ ಏಳುತ್ತದೆ. ಏನು ಮಾಡುವುದು?
— ಹೊನ್ನಾವರ

ಉತ್ತರ: ಗುಳ್ಳೆಯ ಕೆಳಗೆ ಉಪ್ಪು ಉಳಿದಿದೆ. ಉಪ್ಪಿನ ಮೇಲೆ ಬಳಿದ ಬಣ್ಣ ಎಷ್ಟೇ ಒಳ್ಳೆಯದಾದರೂ ತೇವ ಎಳೆದು ಮತ್ತೆ ಉಬ್ಬುತ್ತದೆ.

ಸ್ಟೆಪ್ ಪೂರ್ತಿ ಬಿಚ್ಚಿ. ಗುಳ್ಳೆ ಇರುವಲ್ಲಿ ಸ್ಕ್ರೂಡ್ರೈವರ್ ಮೊನೆಯಿಂದ ಬಲವಾಗಿ ಒತ್ತಿ ನೋಡಿ. ತಗ್ಗಾದರೆ ಅಥವಾ ತೂರಿದರೆ ರಿಪೇರಿಗೆ ಖರ್ಚು ಮಾಡಬೇಡಿ, ಗುಜರಿಗೆ ಹಾಕಿ. ಗಟ್ಟಿ ಇದ್ದರೆ ಗುಳ್ಳೆಯ ಆಚೆ ಮೂರು ನಾಲ್ಕು ಸೆಂ.ಮೀ. ವರೆಗೂ ಗ್ರೈಂಡ್ ಮಾಡಿ ಬಿಳಿ ಲೋಹ ಕಾಣಿಸಿ. ಸಿಹಿನೀರಿನಲ್ಲಿ ಎರಡು ಸಲ ತೊಳೆದು, ಬಿಸಿಲಲ್ಲಿ ಒಣಗಿಸಿ. ಸಣ್ಣ ಗುಂಡಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆ್ಯಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಅದರಲ್ಲಿ ಹೇಳಿದಂತೆಯೇ ಸ್ವಚ್ಛ ಮಾಡಿ. ಆಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟು, ಮೇಲೆ ಪಿಯು (ಪಾಲಿಯುರಿಥೇನ್) ಪೇಂಟ್ ಎರಡು ಕೋಟು. ಅಂಚು ಮತ್ತು ಬೆಸುಗೆಯ ಗೆರೆಗೆ ಮೊದಲು ಬ್ರಶ್ಶಿನಿಂದ ಬೇರೆಯಾಗಿ ಒಂದು ಕೋಟು ಬಳಿಯಿರಿ. ಸ್ಪ್ರೇಯಲ್ಲಿ ಬಣ್ಣ ತೆಳ್ಳಗಾಗುವುದು ಅಲ್ಲೇ. ಕೊನೆಗೆ ತುದಿಯ ಮುಚ್ಚಳ ತೆಗೆದು ಒಳಗೆ ಕ್ಯಾವಿಟಿ ವ್ಯಾಕ್ಸ್ (ಪೈಪಿನ ಒಳಮೈಗೆ ಹಾಕುವ ಮೇಣ) ಸ್ಪ್ರೇ ಮಾಡಿ, ನೀರಿಳಿಯುವ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಈ ಕೆಲಸ ಡಿಸೆಂಬರಿನಿಂದ ಫೆಬ್ರುವರಿಯ ಒಣ ಹವೆಯಲ್ಲಿ ಆಗಬೇಕು. ಜುಲೈಯಲ್ಲಿ ಮಾಡಿದರೆ ಮಾಡಿದ್ದೂ ದಂಡ.

ಪ್ರಶ್ನೆ: ಬಾಗಿಲು ತೆಗೆದರೆ ತಾನೇ ಇಳಿಯುವ ಎಲೆಕ್ಟ್ರಿಕ್ ಸ್ಟೆಪ್ ಹಾಕಿಸಬಹುದೇ?
— ಅಂಕೋಲಾ

ಉತ್ತರ: ಬೇಡ. ಅದರ ಕೀಲುಗಳಲ್ಲಿ ಮರಳು ಸೇರುತ್ತದೆ, ಮೋಟರಿನ ಕನೆಕ್ಟರನ್ನು ಉಪ್ಪು ತಿನ್ನುತ್ತದೆ. ಇಳಿದ ಸ್ಟೆಪ್ ಮೇಲೇಳದೆ ನಿಂತರೆ ಗಾಡಿ ಓಡಿಸುವುದೂ ಅಪಾಯ.

ಪ್ರಶ್ನೆ: ಹೊಸ ಸ್ಟೆಪ್, ಆದರೆ ಹೊಂಡ ಬಿದ್ದಲ್ಲೆಲ್ಲ ಕಟಕಟ ಸದ್ದು. ಒಂದು ಬೋಲ್ಟ್ ಬಿದ್ದೇ ಹೋಗಿದೆ. ಹೊಸ ಎಸ್‌ಎಸ್ ಬೋಲ್ಟ್ ಹಾಕಲು ಹೋದರೆ ಅರ್ಧಕ್ಕೆ ಕಚ್ಚಿಕೊಂಡು ನಿಂತಿತು.
— ಭಟ್ಕಳ

ಉತ್ತರ: ಒಂದೊಂದೇ ಬ್ರಾಕೆಟ್ಟನ್ನು ಪೂರ್ತಿ ಬಿಗಿಯುತ್ತ ಹೋದರೆ ಹೀಗಾಗುತ್ತದೆ. ಕೊನೆಯ ಬ್ರಾಕೆಟ್ ಒತ್ತಾಯಕ್ಕೆ ಕೂತಿರುತ್ತದೆ, ಸಡಿಲವಾಗುವುದೂ ಅದೇ. ಎಲ್ಲ ಬೋಲ್ಟನ್ನೂ ಸಡಿಲಿಸಿ. ಎಲ್ಲವನ್ನೂ ಕೈಯಲ್ಲೇ ಬೆರಳ ಬಿಗಿಗೆ ತನ್ನಿ, ಸ್ಟೆಪ್ ಬಾಡಿಗೆ ಸಮಾನಾಂತರವಿದೆಯೇ, ಬಾಗಿಲು ತಾಗದೆ ತೆರೆಯುತ್ತದೆಯೇ ನೋಡಿ, ಆಮೇಲೆ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಕಿಟ್ಟಿನ ಕಾಗದದಲ್ಲಿ ಅಳತೆ ಇದ್ದರೆ ಅದೇ ಅಂತಿಮ, ಇಲ್ಲದಿದ್ದರೆ 8.8 ದರ್ಜೆಯ ಎಂ8 ಬೋಲ್ಟಿಗೆ ಸುಮಾರು 25, ಎಂ10ಕ್ಕೆ 45 ನ್ಯೂಟನ್ ಮೀಟರ್. ಎಸ್‌ಎಸ್ ಬೋಲ್ಟಿಗೆ ಇದಕ್ಕಿಂತ ಕಡಿಮೆ. ನೈಲಾನ್ ಉಂಗುರವಿರುವ ನಟ್ ಹಾಕಿ. ಮೊದಲ 500 ಕಿಲೋಮೀಟರಿಗೆ ಒಮ್ಮೆ, ಆಮೇಲೆ ಪ್ರತಿ ಸರ್ವಿಸಿಗೆ ಬಿಗಿ ನೋಡಿಸಿ.

ಕಚ್ಚಿಕೊಂಡದ್ದು ಎಸ್‌ಎಸ್ ಗುಣ: ಎಣ್ಣೆ ಕಾಣದ ಎಸ್‌ಎಸ್ ಮರೆಗಳು (ಬೋಲ್ಟಿನ ಥ್ರೆಡ್) ಉಜ್ಜಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇಂಪ್ಯಾಕ್ಟ್ ಗನ್ನಿನಲ್ಲಿ ಬಿಗಿದರೆ ಇನ್ನೂ ಬೇಗ. ಮರೆಗೆ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿ, ಕೈಯಿಂದ ನಿಧಾನಕ್ಕೆ ತಿರುಗಿಸಿ. ಪೇಸ್ಟ್ ಹಚ್ಚಿದ ಮೇಲೆ ಟಾರ್ಕ್ ಇನ್ನಷ್ಟು ಇಳಿಸಬೇಕು. ನಿಂತ ಬೋಲ್ಟನ್ನು ಬಲಪ್ರಯೋಗದಿಂದ ತಿರುಗಿಸಿ ಕಂಪನಿಯ ನಟ್ಟನ್ನೇ ಕಿತ್ತುಕೊಳ್ಳಬೇಡಿ. ತಲೆ ಕತ್ತರಿಸಿ ಬ್ರಾಕೆಟ್ ತೆಗೆದು, ಉಳಿದದ್ದನ್ನು ಕೊರೆದು ತೆಗೆದು, ಮರೆಗೆ ಟ್ಯಾಪ್ ಹೊಡೆಸಿ.

ಪ್ರಶ್ನೆ: ಸ್ಟೆಪ್ ಹಾಕಿದ ಗಾಡಿಯನ್ನು ಪೊಲೀಸರು ಹಿಡಿಯುತ್ತಾರೆಯೇ? ಬುಲ್ ಬಾರ್ ನಿಷೇಧವೆಂದು ಓದಿದ ನೆನಪು.
— ಸಿದ್ದಾಪುರ

ಉತ್ತರ: 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದದ್ದು ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಬಗ್ಗೆ, ಆಧಾರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಸೈಡ್ ಸ್ಟೆಪ್ ಬೇರೆ ಮಾತು. ಆದರೂ ಅದು ಟೈರು ಮತ್ತು ಮಡ್‌ಗಾರ್ಡಿನ ಗೆರೆ ದಾಟಿ ಹೊರಚಾಚಬಾರದು, ತುದಿ ಚೂಪಾಗಿರಬಾರದು. ಬೈಕಿನವರ ಕಾಲಿಗೆ ತಾಗುವುದು ಅದೇ. ಗಾಡಿ ಕಂಪನಿಯದೇ ಆ್ಯಕ್ಸೆಸರಿಯಾದರೆ ಬಿಲ್ಲನ್ನು ಗಾಡಿಯ ಕಾಗದಗಳ ಜೊತೆ ಇಡಿ. ಹಳದಿ ಬೋರ್ಡಿನ ಗಾಡಿಯಾದರೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿನ ತಪಾಸಣೆಗೆ) ಒಯ್ಯುವ ಮೊದಲು ಸಡಿಲ ಬ್ರಾಕೆಟ್, ಹರಿದ ಅಂಚು ಇಲ್ಲದಂತೆ ನೋಡಿಕೊಳ್ಳಿ.