ಶಾಲೆಯ ಆರೋಗ್ಯ, ಸುರಕ್ಷತೆಯ ಹೊಣೆ ನನ್ನ ಮೇಲೆ ಬಿದ್ದಿದೆ. ಎಲ್ಲಿಂದ ಶುರು ಮಾಡಲಿ?

ಮೇಡಂ, ನೀವು ಬರೆದದ್ದರಿಂದ ನನಗೆ ಅರ್ಥವಾದದ್ದು ಇಷ್ಟು. ಮುಧೋಳ ಕಡೆಯ ಅನುದಾನಿತ ಪ್ರೌಢಶಾಲೆ, ಮಾನ್ಯತೆ ನವೀಕರಣದ ವರ್ಷ. ಸುರಕ್ಷತೆಯ ಕಡತವನ್ನು ಆಡಳಿತ ಮಂಡಳಿ ನಿಮ್ಮ ಕೈಗೆ ಕೊಟ್ಟುಬಿಟ್ಟಿದೆ. ನಮೂನೆಯಲ್ಲಿ ಸಾಲುಗಟ್ಟಲೆ ಅಂಶಗಳಿವೆ, ಯಾವುದನ್ನು ಮೊದಲು ಹಿಡಿಯಬೇಕೋ ತಿಳಿಯದು. ನಾನು ವಿಜಯಪುರ ಜಿಲ್ಲೆಯಲ್ಲಿ ಹೆಡ್‌ಮಾಸ್ತರ. ನಮ್ಮಲ್ಲಿ ಹೇಗೆ ಮಾಡುತ್ತೇವೋ ಅದನ್ನು ಹೇಳುತ್ತೇನೆ.

ನಮೂನೆಯ ಕ್ರಮದಲ್ಲಿ ಹೋಗಬೇಡಿ. ಅದರಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆಗೂ ಒಂದು ಸಾಲು, ವಾಲಿದ ಕಂಪೌಂಡ್ ಗೋಡೆಗೂ ಒಂದು ಸಾಲು. ಮಗುವಿನ ಜೀವ ಯಾವುದರಿಂದ ಹೋಗಬಹುದು ಎಂದು ಕೇಳಿಕೊಳ್ಳಿ, ಆ ಕ್ರಮದಲ್ಲಿ ಹೋಗಿ. ನಮ್ಮ ಭಾಗದಲ್ಲಿ ಆ ಪಟ್ಟಿ ದೊಡ್ಡದಲ್ಲ: ಗೋಡೆ, ಕರೆಂಟು, ಅಡುಗೆಮನೆ, ಗೇಟಿನ ಮುಂದಿನ ರಸ್ತೆ.

ನಾನಾದರೆ ಗೋಡೆಯಿಂದ ಶುರು ಮಾಡುತ್ತೇನೆ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬುನಾದಿ ಆಳವಿಲ್ಲದಿದ್ದರೆ ಗೋಡೆ ಪ್ರತಿ ವರ್ಷವೂ ಅದರ ಜೊತೆ ಏರಿಳಿಯುತ್ತದೆ. ತರಗತಿ ಕೋಣೆಗಳಿಗಿಂತ ಕಂಪೌಂಡು, ಶೌಚಾಲಯ, ಸೈಕಲ್ ಸ್ಟ್ಯಾಂಡಿನ ಗೋಡೆಗಳ ಮೇಲೆ ನನಗೆ ಹೆಚ್ಚು ಅನುಮಾನ. ದುಡ್ಡು ಉಳಿಸುವುದು ಅವುಗಳ ಬುನಾದಿಯಲ್ಲೇ. ಬಿರುಕು ಕಂಡಲ್ಲಿ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಸ್ಕೇಲು ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ತಿಂಗಳ ಮೇಲೆ ನೋಡಿದಾಗ ಬಿರುಕು ಗೆರೆ ದಾಟಿದ್ದರೆ, ಅಥವಾ ಅಗಲವಾಗಿದ್ದರೆ, ಅದಕ್ಕೆ ಸಿಮೆಂಟ್ ಮೆತ್ತಿ ಬಣ್ಣ ಬಳಿಯಲು ಬಿಡಬೇಡಿ. ಎಂಜಿನಿಯರ್ ಬಂದು ನೋಡುವವರೆಗೆ ಗೋಡೆಯ ಎತ್ತರಕ್ಕಿಂತ ಹೆಚ್ಚು ದೂರದಲ್ಲಿ ಹಗ್ಗ ಕಟ್ಟಿ, ಆ ಕಡೆ ಮಕ್ಕಳು ಆಡದಂತೆ ನೋಡಿಕೊಳ್ಳಿ. 2019ರ ಆಗಸ್ಟ್ ಪ್ರವಾಹದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಎಷ್ಟೋ ಶಾಲೆಗಳು ನೀರಿನಲ್ಲಿ ನಿಂತಿದ್ದವು. ನಿಮ್ಮದೂ ಅಂಥದ್ದಾಗಿದ್ದರೆ ಮೇಲಿನ ಹೊಸ ಬಣ್ಣ ನೋಡಿ ನಂಬಬೇಡಿ, ಬುಡದ ಗಾರೆ ಉದುರುತ್ತಿದೆಯೇ ನೋಡಿ. ಹಾಗೆಯೇ ಆವರಣದಲ್ಲಿ ನೀರು ಬತ್ತಿದ ಕೊಳವೆಬಾವಿ ಇದ್ದರೆ ಕಲ್ಲು ಇಟ್ಟು ಮುಚ್ಚಿದ್ದು ಸಾಲದು, ತುಂಬಿಸಿ ಸಿಮೆಂಟಿನಿಂದ ಮುಚ್ಚಿಸಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಜೀವಂತ ಹೊರತೆಗೆದರು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರುವುದಿಲ್ಲ.

ಕರೆಂಟಿನ ವಿಷಯದಲ್ಲಿ ಮೊದಲು ಮಕ್ಕಳನ್ನೇ ಕೇಳಿ. ಯಾವ ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತದೆ, ಯಾವ ಸ್ವಿಚ್ಚು ಕಿಡಿ ಹಾರಿಸುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ, ನಮಗೆ ಹೇಳಿರುವುದಿಲ್ಲ. ಬೋರ್ ಮೋಟರಿನ ಸ್ಟಾರ್ಟರ್ ಡಬ್ಬಿಗೆ ಬೀಗ ಇರಲಿ. ನೀರಿನ ಫಿಲ್ಟರು, ಕೂಲರು, ಮೋಟರು ಇರುವ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ಲೈನ್ ಕಡಿದುಹಾಕುವ ಸ್ವಿಚ್ಚು, ಹಾಕಿಸಿ. ಸಾಮಾನ್ಯ ಎಂಸಿಬಿ ವೈರಿಂಗನ್ನು ಕಾಯುತ್ತದೆ, ಶಾಕ್ ಹೊಡೆದ ಮಗುವನ್ನು ಕಾಯುವುದಿಲ್ಲ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಅರ್ಥಿಂಗ್ ಕೆಲಸ ಮಾಡುವುದಿಲ್ಲ, ನೀರು ಹಾಕುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆದಿಡಿ. ಆಟದ ಮೈದಾನದ ಮೇಲೆ ತಂತಿ ಹಾದುಹೋಗಿದ್ದರೆ ಹೆಸ್ಕಾಂಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಅಡುಗೆಮನೆ. 2013ರ ಜುಲೈ 16ರಂದು ಬಿಹಾರದ ಗಂಡಾಮನ್ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೋಟೊಫಾಸ್ ಕೀಟನಾಶಕ ಸೇರಿತ್ತು. ನಮ್ಮ ಊರುಗಳಲ್ಲಿ ಹೊಲಕ್ಕೆ ಹೊಡೆಯುವ ಔಷಧದ ಖಾಲಿ ಕ್ಯಾನುಗಳು ಮನೆಮನೆಯಲ್ಲೂ ಬಳಕೆಯಲ್ಲಿವೆ, ಆದ್ದರಿಂದ ಇದು ದೂರದ ಸುದ್ದಿ ಅಲ್ಲ. ಎಣ್ಣೆ ಸೀಲ್ ಇರುವ ಪ್ಯಾಕೆಟ್ಟಿನದೇ ಆಗಿರಲಿ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಇದೆ. ರಿಜಿಸ್ಟರಿನಲ್ಲಿ ಸಹಿ ಮಾತ್ರ ಬೀಳುತ್ತ, ತುತ್ತು ಯಾರೂ ಉಣ್ಣದಿದ್ದರೆ ಆ ನಿಯಮಕ್ಕೆ ಅರ್ಥವಿಲ್ಲ. ಇದಕ್ಕಿಂತ ಮುಖ್ಯವಾದದ್ದು, ವಾಸನೆ ಬೇರೆ ಬಂದರೆ ಒಲೆ ಆರಿಸುವ ಅಧಿಕಾರ ಅಡುಗೆಯ ಅಕ್ಕನವರಿಗೆ ಇರಬೇಕು. ಅದಕ್ಕಾಗಿ ಅವರನ್ನು ಯಾರೂ ಗದರಿಸಕೂಡದು, ಇದನ್ನು ಎಲ್ಲರ ಎದುರೇ ಹೇಳಿ.

ಬೆಂಕಿಯ ವಿಷಯಕ್ಕೆ ಬಂದರೆ ಎಲ್ಲರೂ ಬೆಂಕಿ ಆರಿಸುವ ಸಿಲಿಂಡರ್ ತೂಗುಹಾಕಿ ಸುಮ್ಮನಾಗುತ್ತಾರೆ. 2004ರ ಜುಲೈ 16ರಂದು ಕುಂಭಕೋಣಂ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಹೊರಗೆ ಓಡಲು ಅವರಿಗೆ ಸರಿಯಾದ ದಾರಿಯೇ ಇರಲಿಲ್ಲ. ಆ ದುರಂತದ ಮೇಲಿನ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ 2009ರಲ್ಲಿ, ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಮಗುವಿನ ಶಿಕ್ಷಣದ ಹಕ್ಕಿನ ಭಾಗ ಎಂದು ಹೇಳಿ, ಅಗ್ನಿಶಾಮಕ ಉಪಕರಣ ಮತ್ತು ಸಿಬ್ಬಂದಿ ತರಬೇತಿಯನ್ನು ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡಿತು. ಹೀಗಾಗಿ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಅದಕ್ಕೂ ಮೊದಲು ಮೆಟ್ಟಿಲ ಬುಡದ ಗ್ರಿಲ್ ಗೇಟಿಗೆ ಶಾಲೆ ನಡೆಯುವಾಗ ಬೀಗ ಬೀಳದಂತೆ ಮಾಡಿ. ಮಕ್ಕಳು ತಪ್ಪಿಸಿಕೊಂಡು ಹೋಗುತ್ತಾರೆ ಎಂದು ಬೀಗ ಹಾಕುವವರಿದ್ದಾರೆ. ಆ ಕಾರಣಕ್ಕೆ ಗೇಟಿನಲ್ಲಿ ಒಬ್ಬರನ್ನು ಕೂರಿಸಿ.

ರಸ್ತೆಯ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ. ಕಾರ್ಖಾನೆ ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಶಾಲೆ ಬಿಡುವ ಹೊತ್ತಿಗೇ ಬರುತ್ತವೆ. ಹಾಡು ಹಚ್ಚಿಕೊಂಡ ಚಾಲಕನಿಗೆ ಹಿಂದಿನ ಟ್ರೇಲರ್ ಪಕ್ಕದ ಸೈಕಲ್ ಕಾಣುವುದಿಲ್ಲ. ತರಗತಿಗಳನ್ನು ಒಟ್ಟಿಗೆ ಬಿಡದೆ ಹತ್ತು ನಿಮಿಷದ ಅಂತರದಲ್ಲಿ ಬಿಡಿ, ಇಬ್ಬರು ಶಿಕ್ಷಕರು ಗೇಟಿನಲ್ಲಿರಲಿ.

ನೀರನ್ನು ವರ್ಷಕ್ಕೊಮ್ಮೆಯಾದರೂ ಪ್ರಯೋಗಾಲಯಕ್ಕೆ ಕಳಿಸಿ. ಬಾಗಲಕೋಟೆ, ವಿಜಯಪುರದ ಹಲವು ಊರುಗಳ ಬೋರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಅದು ಹೋಗುವುದಿಲ್ಲ.

ಇನ್ನೊಂದು ಮಾತು ನಮೂನೆಯ ಕೊನೆಯಲ್ಲೆಲ್ಲೋ ಇರುತ್ತದೆ. ಲೈಂಗಿಕ ದೌರ್ಜನ್ಯದ ವಿಷಯ ಕಿವಿಗೆ ಬಿದ್ದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನ ಸಿಬ್ಬಂದಿಯ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲಿದೆ. 'ಮೊದಲು ನಾವೇ ವಿಚಾರಿಸೋಣ' ಎಂಬ ಮಾತಿಗೆ ಒಪ್ಪಬೇಡಿ. ಮಕ್ಕಳ ಸಹಾಯವಾಣಿಯ 1098 ಸಂಖ್ಯೆ ಪ್ರತಿ ತರಗತಿಯ ಗೋಡೆಯ ಮೇಲಿರಲಿ.

ಇದೆಲ್ಲಕ್ಕೂ ದುಡ್ಡು ಬೇಕು, ಅದು ನಿಮ್ಮ ಕೈಯಲ್ಲಿಲ್ಲ. ಹೊಣೆಯನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ ಲಿಖಿತ ಆದೇಶ ಕೇಳಿ, ಸಣ್ಣ ರಿಪೇರಿಯನ್ನು ಯಾರನ್ನೂ ಕೇಳದೆ ಮಾಡಿಸುವ ಮೊತ್ತವೂ ಅದರಲ್ಲಿರಲಿ. 2021ರ ಕೇಂದ್ರ ಶಿಕ್ಷಣ ಸಚಿವಾಲಯದ ಶಾಲಾ ಸುರಕ್ಷತಾ ಮಾರ್ಗಸೂಚಿ ಹೊಣೆಗಾರಿಕೆಯನ್ನು ಶಾಲೆಯ ಆಡಳಿತದ ಮೇಲೇ ಹೊರಿಸಿದೆ, ಅದರ ಪ್ರತಿಯನ್ನು ಪತ್ರಕ್ಕೆ ಲಗತ್ತಿಸಿ. ಕಂಡ ಪ್ರತಿ ದೋಷಕ್ಕೂ ಫೋಟೊ, ಸರಿಪಡಿಸುವವರ ಹೆಸರು, ಗಡುವು ಬರೆದು ಮಂಡಳಿಗೆ ಕೊಡಿ. ಆಗುವುದಿಲ್ಲ ಎಂದರೆ ಆ ಉತ್ತರವನ್ನೂ ಬರವಣಿಗೆಯಲ್ಲೇ ಕೇಳಿ. ಸಾಮಾನ್ಯವಾಗಿ ಹಾಗೆ ಬರೆದುಕೊಡುವ ಬದಲು ಗೌಂಡಿಯನ್ನೇ ಕಳಿಸುತ್ತಾರೆ.