ಮರ್ಯಾದೆ ಎಂಬ ಬಾಂದುಕಲ್ಲು

ಪ್ರಶ್ನೆ: ಮರ್ಯಾದೆ, ಗೌರವ ಎರಡೂ ಒಂದೇನಾ ಸಾರ್? ‘ಮರಿ ಹಾಗೆ ಇರು’ ಅನ್ನೋದರಿಂದ ಮರ್ಯಾದೆ ಬಂತು ಅಂತ ವಾಟ್ಸಾಪಲ್ಲಿ ಓದಿದೆ. ನಿಜವೇ?
– ಓದುಗರು, ಹರಿಹರ

ಉತ್ತರ: ಈ ವಾಟ್ಸಾಪ್ ಪಾಂಡಿತ್ಯ ಈ ತಿಂಗಳಲ್ಲಿ ನನಗೆ ನಾಲ್ಕನೇ ಸಲ ಬರುತ್ತಿದೆ. ಕುರಿಮರಿಗೂ ಮರ್ಯಾದೆಗೂ ಸಂಬಂಧವಿಲ್ಲ. ಪದವನ್ನು ಕಂಡಕಂಡಲ್ಲಿ ಕಡಿದು ಅರ್ಥ ಹೇಳುವವರಿಗೆ ನಿಘಂಟು ತೆರೆಯುವಷ್ಟು ಪುರುಸೊತ್ತಿಲ್ಲ.

ಇದು ಸಂಸ್ಕೃತದ ‘ಮರ್ಯಾದಾ’. ಎಲ್ಲೆ, ಗಡಿ, ದಡ ಅಂತ ಅರ್ಥ. ಕಡಲು ಮರ್ಯಾದೆ ಮೀರಿತು ಅಂದರೆ ದಡ ದಾಟಿತು ಅಂತ. ಕಡಲೇನೂ ಯಾರನ್ನೂ ಏಕವಚನದಲ್ಲಿ ಬೈದಿಲ್ಲ. ನಮ್ಮ ಕಡೆಯ ಮಾತಲ್ಲಿ ಹೇಳಬೇಕೆಂದರೆ ಹೊಲದ ಬಾಂದುಕಲ್ಲು. ಎಲ್ಲೆಯೊಳಗಿನ ನಡತೆಗೂ ಆಮೇಲೆ ಅದೇ ಹೆಸರಾಯಿತು.

ಗೌರವ ಹುಟ್ಟಿದ್ದು ‘ಗುರು’ವಿನಿಂದ, ಅಂದರೆ ತೂಕದಿಂದ. ಅದು ಒಳಗಿಂದ ಬರಬೇಕು. ಮರ್ಯಾದೆಗೆ ಅಷ್ಟೆಲ್ಲ ಬೇಡ. ಮಾತು ಬಿಟ್ಟ ದಾಯಾದಿ ಬಾಗಿಲಿಗೆ ಬಂದರೂ ಕಾಲಿಗೆ ನೀರು ಕೊಟ್ಟು ಚಾಪೆ ಹಾಸುತ್ತೇವಲ್ಲ, ಅಲ್ಲಿ ಗೌರವ ಎಳ್ಳಷ್ಟೂ ಇಲ್ಲ, ಮರ್ಯಾದೆ ಪೂರ್ತಿ ಇದೆ.

ದಾವಣಗೆರೆ ಮದುವೆಗಳಲ್ಲಂತೂ ಮರ್ಯಾದೆ ಕೈಗೆ ಸಿಗುವ ವಸ್ತು. ಕಳೆದ ಬೇಸಿಗೆ ಒಂದು ಛತ್ರದಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಊಟಕ್ಕೆ ಏಳದೆ ಕಂಬಕ್ಕೆ ಒರಗಿ ಕೂತಿದ್ದರು. ‘ನಮಗಿನ್ನೂ ಮರ್ಯಾದೆ ಆಗಿಲ್ಲ.’ ಟವೆಲ್ಲು, ಕಾಯಿ, ಎಲೆಅಡಿಕೆ ಕೊಡುವಾಗ ಯಾರೋ ಇವರನ್ನು ಮರೆತಿದ್ದರು. ಹುಡುಗನೊಬ್ಬ ಓಡಿ ತಂದ. ಟವೆಲ್ಲಿಗೆ ಅಂಗಡಿಯ ಬೆಲೆಚೀಟಿ ಹಾಗೇ ಅಂಟಿತ್ತು. ಹೆಗಲಿಗೆ ಬಿದ್ದದ್ದೇ ತಡ, ಎಲೆ ಮುಂದೆ ಹೋಗಿ ಕೂತರು. ಅವರ ಮುನಿಸಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಬೀಗರ ಸಾಲು ಎಲ್ಲಿಯವರೆಗೆ ಅಂತ ತೋರಿಸುವ ಗೆರೆ ಆ ಟವೆಲ್ಲೇ.

ಒಂದು ಎಚ್ಚರಿಕೆ. ‘ಮರ್ಯಾದೆಯಿಂದ ಹೇಳ್ತಿದೀನಿ’ ಅಂದವನು ತನ್ನ ಬದುವಿನ ಅಂಚಿಗೆ ಬಂದು ನಿಂತಿದ್ದಾನೆ ಅಂತ ತಿಳಿಯಿರಿ. ಇನ್ನೊಂದು ಮಾತು ಆಡಬೇಡಿ. ನೋಟಿಸು ಬರೆಯುವವರು ಈ ಪದ ಮುಟ್ಟದಿದ್ದರೇ ಒಳ್ಳೆಯದು, ‘ದಯವಿಟ್ಟು’ ಸಾಕು. ಇನ್ನು ಹೆತ್ತ ಮಗಳನ್ನೇ ಕೊಂದದ್ದಕ್ಕೆ ‘ಮರ್ಯಾದಾ ಹತ್ಯೆ’ ಅಂತ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ‘ಮರ್ಯಾದೆಗೇಡು ಹತ್ಯೆ’ ಅಂತ ಪತ್ರಿಕೆಗಳು ಬರೆಯುತ್ತವಲ್ಲ, ಅದು ಸರಿ. ಎಲ್ಲೆ ದಾಟಿದವರು ಕೊಂದವರು.

ಪ್ರಶ್ನೆ: ಸಭ್ಯ ಅಂದರೆ ಯಾರು?
ಉತ್ತರ: ಸಭೆಗೆ ತಕ್ಕವನು. ಮನೆಯಲ್ಲಿ ಹೆಂಗಿರ್ತಾನೋ, ಆ ಪದಕ್ಕೆ ಗೊತ್ತಿಲ್ಲ.

ಪ್ರಶ್ನೆ: ಅವ್ವನಿಗೆ ‘ನೀನು’ ಅನ್ನುವುದು ಅಸಭ್ಯವೇ?
ಉತ್ತರ: ಅಲ್ಲ. ನಾನೂ ಅಂದವನೇ.

ಪ್ರಶ್ನೆ: ಹತ್ತು ದಿನದಲ್ಲಿ ಮಕ್ಕಳಿಗೆ ಶಿಷ್ಟಾಚಾರ ಕಲಿಸುವ ಕೋರ್ಸಿಗೆ ಮಗನನ್ನು ಸೇರಿಸಲೇ?
ಉತ್ತರ: ದುಡ್ಡು ಉಳಿಸಿ. ಒಂದು ವಾರ ಅಜ್ಜಿಯ ಊರಿಗೆ ಕಳಿಸಿ.