ಘಾಟಿಯಲ್ಲಿ ರಾತ್ರಿ ರಸ್ತೆ ಕಾಣಿಸಲ್ಲ, ಹೆಡ್‌ಲೈಟಿಗೆ ಯಾವ ಬಲ್ಬ್ ಹಾಕಿಸಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಹತ್ತು ವರ್ಷ ಹಳೇ ಕಾರು, ಎಚ್4 ಬಲ್ಬು (ಬ್ರೈಟ್, ಡಿಮ್ ಎರಡೂ ಒಂದರಲ್ಲೇ ಇರೋದು), ಬೆಂಗಳೂರಿಂದ ಪುತ್ತೂರಿಗೆ ಶಿರಾಡಿ ಘಾಟಿ ಮೇಲೆ ರಾತ್ರಿ ಓಡಾಟ. 100/90 ವ್ಯಾಟ್ ಹ್ಯಾಲೊಜೆನ್ ತಗೊಳ್ಳಲಾ, "20,000 ಲ್ಯೂಮೆನ್" (ಬೆಳಕಿನ ಅಳತೆ) ಎಲ್‌ಇಡಿ ತಗೊಳ್ಳಲಾ ಅಂತ ಕೇಳಿದ್ದೀರಿ. ಎಲ್‌ಇಡಿ ಒಂದು ಬಿಟ್ಟರೆ ಇದು 2017ರ ನಾನೇ.

ಆಗ ನನ್ನ ಹತ್ತಿರ ಇದ್ದದ್ದು 2008ರ ಚಿಕ್ಕ ಕಾರು. ಹೆಂಡತಿಯ ತವರು ಪುತ್ತೂರು. ಶುಕ್ರವಾರ ಕೆಲಸ ಮುಗಿಸಿ ಹೊರಟರೆ ಸಕಲೇಶಪುರ ಮುಟ್ಟುವಾಗ ನಡುರಾತ್ರಿ. ಕಂಪನಿ ಬಲ್ಬು 60/55, ಅಂದರೆ ಬ್ರೈಟಿಗೆ 60 ವ್ಯಾಟ್, ಡಿಮ್ಮಿಗೆ 55. ದೋಣಿಗಲ್ ದಾಟಿದ ಮೇಲೆ ಅದು ಲಾಟೀನು ಹಿಡಿದ ಹಾಗೆ ಅನ್ನಿಸುತ್ತಿತ್ತು. ಒಂದು ದಿನ ಜೆ.ಸಿ. ರೋಡಿಗೆ ಹೋಗಿ 100/90 ಕೇಳಿದೆ. ಅಂಗಡಿ ಹುಡುಗ ಬಲ್ಬ್ ತೆಗೆದಿಟ್ಟು, "ರಿಲೇ ಕಿಟ್ ಕೂಡ ಹಾಕಿಸ್ಕೊಳ್ಳಿ ಸಾರ್, ಒಂಬೈನೂರು ಆಗುತ್ತೆ" ಅಂದ. ಇವನದೊಂದು ವ್ಯಾಪಾರ ಅಂದುಕೊಂಡೆ. "ಬೇಡಪ್ಪ, ಬಲ್ಬ್ ಸಾಕು" ಅಂದೆ.

ನನ್ನ ತಪ್ಪು ಇಷ್ಟೇ. ಬಲ್ಬ್ ಅಲ್ಲ, ಆ "ಬೇಡಪ್ಪ".

ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಏಕೆಂದರೆ ಇದು ಗೊತ್ತಿಲ್ಲದೇ ನಾನು ಕೈಸುಟ್ಟುಕೊಂಡೆ. 12 ವೋಲ್ಟಿನಲ್ಲಿ 55 ವ್ಯಾಟ್ ಬಲ್ಬು ಎಳೆಯೋದು ಸುಮಾರು ನಾಲ್ಕೂವರೆ ಆಂಪಿಯರ್. 90 ವ್ಯಾಟಿಂದು ಏಳೂವರೆ. ಹಳೇ ಕಾರುಗಳಲ್ಲಿ ಬಹಳಷ್ಟು ಕಡೆ ಈ ಕರೆಂಟ್ ಪೂರ್ತಿ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಒಳಗಿಂದಲೇ ಹಾದು ಹೋಗುತ್ತೆ. ಎರಡು ದೀಪ ಸೇರಿ 9 ಆಂಪಿಯರ್‌ಗೆ ಅಂತ ಮಾಡಿದ ದಾರಿಯಲ್ಲಿ ನಾನು 15 ಹರಿಸಿದೆ. ವೈರ್, ಪಿನ್ನು ಬಿಸಿಯಾಗೋದು ಕರೆಂಟ್ ಏರಿದ ಲೆಕ್ಕದಲ್ಲಲ್ಲ, ಅದರ ವರ್ಗದ ಲೆಕ್ಕದಲ್ಲಿ. ಹಾಗಾಗಿ ಬಿಸಿ ಎರಡೂವರೆ ಪಟ್ಟು ದಾಟುತ್ತೆ. ಜೊತೆಗೆ ಬಲ್ಬಿನದೇ ಕಾವು ಬೇರೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡೋ ಸ್ವಿಚ್ಚು. ಅದು ಇದ್ದಿದ್ದರೆ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರಿನಲ್ಲಿ ನೇರ ಬಲ್ಬಿಗೆ ಬರುತ್ತಿತ್ತು. ಸ್ವಿಚ್ಚಿಗೆ ರಿಲೇಯನ್ನು 'ಟಕ್' ಅನ್ನಿಸುವಷ್ಟು ಕೆಲಸ ಮಾತ್ರ.

ಮೂರು ವಾರ ಏನೂ ಆಗಲಿಲ್ಲ. ನಾನು ಆಫೀಸಲ್ಲಿ ಎಲ್ಲರಿಗೂ ಇದನ್ನೇ ಹಾಕಿಸಿ ಅಂತ ಹೇಳಿಕೊಂಡು ತಿರುಗಿದೆ.

ಜೂನ್ ಎರಡನೇ ವಾರ ಇರಬೇಕು, ಜೋರು ಮಳೆ. ಮಾರನಹಳ್ಳಿ ದಾಟಿ ಇಳೀತಾ ಇದ್ದೀವಿ. ಮಗಳು ಹಿಂದೆ ಮಲಗಿದ್ದಾಳೆ. ಹೆಂಡತಿ, "ಏನೋ ಸುಟ್ಟ ವಾಸನೆ ಬರ್ತಿದೆ ಅಲ್ವಾ?" ಅಂದಳು. ಘಾಟಿ ಇಳಿಯುವಾಗ ಮುಂದಿನ ಲಾರಿಯ ಬ್ರೇಕ್ ವಾಸನೆ ಬರೋದು ಇದ್ದದ್ದೇ. "ಲಾರಿ ಬ್ರೇಕ್ ಕಣೇ, ಗ್ಲಾಸ್ ಏರಿಸು" ಅಂದೆ. ಹತ್ತು ನಿಮಿಷಕ್ಕೆ ಎಡಗಡೆ ದೀಪ ಕೆಂಪಗಾಗಿ, ಮಿಣುಕಿ, ಹೋಯಿತು. ಬ್ರೈಟ್ ಆದರೂ ಬರಲಿ ಅಂತ ಸ್ವಿಚ್ ಕಡ್ಡಿ ಎಳೆದೆ. ಬಲಗಡೆಯದ್ದೂ ಹೋಯಿತು. ತಿರುವಿನಲ್ಲಿ, ಮಳೆಯಲ್ಲಿ, ಪಾರ್ಕಿಂಗ್ ಲೈಟಿನ ಬೆಳಕಲ್ಲಿ ನನಗೆ ಕಂಡದ್ದು ವೈಪರ್ ಮಾತ್ರ.

ಹಜಾರ್ಡ್ ಹಾಕಿ ಅಂಚಿಗೆ ನಿಲ್ಲಿಸಿದೆ. ಹಿಂದೆ ಬಂದ ಕೆಂಪು ಬಸ್ಸಿನ ಡ್ರೈವರ್ ನಿಧಾನ ಮಾಡಿ, "ನನ್ನ ಹಿಂದೇನೇ ಬನ್ನಿ, ಜಾಸ್ತಿ ಅಂತರ ಬಿಡಬೇಡಿ" ಅಂದರು. ಗುಂಡ್ಯದವರೆಗೆ ಅವರ ಹಿಂದಿನ ದೀಪ ನೋಡಿಕೊಂಡೇ ಇಳಿದೆ. ಇವತ್ತಿಗೂ ಅವರ ಮುಖ ನೆನಪಿಲ್ಲ, ಆ ಎರಡು ಕೆಂಪು ದೀಪ ನೆನಪಿದೆ.

ಬೆಳಿಗ್ಗೆ ಟೋ ಮಾಡಿಸಿ ಉಪ್ಪಿನಂಗಡಿಯ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಹೋಲ್ಡರ್ ಎಳೆದರು, ಬರಲಿಲ್ಲ. ಪ್ಲಾಸ್ಟಿಕ್ ಕರಗಿ ಬಲ್ಬಿನ ಮೂರು ಪಿನ್ನಿಗೂ ಅಂಟಿಕೊಂಡು ಸುಟ್ಟ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಕಟಿಂಗ್ ಪ್ಲೇಯರ್‌ನಲ್ಲಿ ಒಡೆದೇ ತೆಗೆದರು. ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟೂ ಕಪ್ಪು. ಹೊಸ ಸ್ವಿಚ್, ಎರಡು ಹೋಲ್ಡರ್, ಕೂಲಿ, ಟೋಯಿಂಗ್ ಎಲ್ಲ ಸೇರಿ ಆರು ಸಾವಿರ ಚಿಲ್ಲರೆ. ಒಂಬೈನೂರು ಉಳಿಸಿದ್ದೆ ಅಲ್ವಾ!

ನಿಮಗೆ ನಾನು ಹೇಳಬೇಕಾದ್ದು ಆಮೇಲೆ ನಡೆದದ್ದು. ಅವರು ಹೊಸ ಹೋಲ್ಡರಿಗೆ ಮಾಮೂಲಿ 60/55 ಬಲ್ಬನ್ನೇ ಸಿಕ್ಕಿಸಿ ಮೀಟರ್ ಹಿಡಿದರು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್. ಹೋಲ್ಡರಿನಲ್ಲಿ 11.9. "ಇಷ್ಟೇ ಕೊಟ್ರೆ ಬಲ್ಬ್ ಎಂತ ಮಾಡುವುದು ಮಾರಾಯ್ರೇ?" ಅಂದರು. ಹ್ಯಾಲೊಜೆನ್‌ನಲ್ಲಿ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಶೇ. 10 ಇಳಿಯಲ್ಲ, ಶೇ. 30ರ ಹತ್ತಿರ ಇಳಿಯುತ್ತೆ. ಅಂದರೆ ನನ್ನ ಹಳೇ ಬಲ್ಬಿನಲ್ಲಿ ದೋಷವೇ ಇರಲಿಲ್ಲ, ಅದು ಅರೆಹೊಟ್ಟೆಯಲ್ಲಿತ್ತು. ರಿಲೇ ಕಿಟ್ ಹಾಕಿ ಅರ್ತ್ ವೈರ್ ಹೊಸದು ಬಿಗಿದ ಮೇಲೆ ಅದೇ 60/55, ನನ್ನ 100/90ಕ್ಕಿಂತ ಏನೂ ಕಮ್ಮಿ ಅನ್ನಿಸಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಯಾವ ಬಲ್ಬೂ ಬೇಡ. ಮೊದಲು ಹೆಡ್‌ಲೈಟಿನ ಮುಖ ನೋಡಿ. ಹತ್ತು ವರ್ಷದ ಕಾರು ಅಂದರೆ ಪ್ಲಾಸ್ಟಿಕ್ ಹಳದಿ ತಿರುಗಿರುತ್ತೆ. 1000, ಆಮೇಲೆ 2000 ನಂಬರಿನ ನಯವಾದ ಉಪ್ಪುಕಾಗದ, ಅಂದರೆ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಪಾಲಿಶ್ ಮಾಡಿಸಿ. ಪಾಲಿಶ್ ಆದಮೇಲೆ ಮೇಲೊಂದು ಯುವಿ ಕೋಟಿಂಗ್ ಕೊಡಿಸಿ, ಇಲ್ಲದಿದ್ದರೆ ಬೇಗ ಮತ್ತೆ ಮಂಕಾಗುತ್ತೆ. ಆಮೇಲೆ ಹೋಲ್ಡರಿನಲ್ಲಿ ವೋಲ್ಟೇಜ್ ಅಳೆಸಿ. ಆಮೇಲೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಿನ ಗೆರೆ ಹೆಡ್‌ಲೈಟಿನ ನಡುಮಟ್ಟಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು. ಡ್ಯಾಶ್‌ಬೋರ್ಡಲ್ಲಿ ದೀಪ ಏರಿಸಿ ಇಳಿಸೋ ಗುಂಡಿ ಇದ್ದರೆ ಅದು ಸೊನ್ನೆಯಲ್ಲಿದೆಯಾ ನೋಡಿ. ನನ್ನ ಭಾವನ ಕಾರಿನಲ್ಲಿ ಅದು 3ರಲ್ಲಿತ್ತು, ಎರಡು ವರ್ಷ ಸುಮ್ನೆ ಬಾನೆಟ್ ಮುಂದಿನ ನೆಲ ನೋಡಿಕೊಂಡು ಓಡಿಸಿದ್ದಾರೆ.

ಎಲ್‌ಇಡಿ ವಿಷಯ. ಎಚ್4 ಬಲ್ಬಿನ ಡಿಮ್ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ತಗಡಿನ ಬಟ್ಟಲು ಇರುತ್ತೆ. ಬೆಳಕು ರಿಫ್ಲೆಕ್ಟರಿನ ಕೆಳ ಅರ್ಧಕ್ಕೆ ಬೀಳದ ಹಾಗೆ ತಡೆಯೋದು ಅದೇ. ಎದುರಿನವರ ಕಣ್ಣಿಗೆ ಹೊಡೆಯದೇ ಇರೋದೂ ಅದರಿಂದಲೇ. ಎಲ್‌ಇಡಿ ಚಿಪ್ಪು ಫಿಲಮೆಂಟ್ ಇದ್ದ ಜಾಗದಿಂದ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಮರದ ಕೊಂಬೆಗೆ ಹೋಗುತ್ತೆ. ಒಳ್ಳೆಯ ಎಚ್4 ಹ್ಯಾಲೊಜೆನ್ ಡಿಮ್ಮಿನಲ್ಲಿ ಕೊಡೋದೇ ಸುಮಾರು 1,000 ಲ್ಯೂಮೆನ್. ಡಬ್ಬಿ ಮೇಲಿನ 20,000 ನಂಬೋ ಹಾಗಿದ್ದರೆ ನಿಮ್ಮಿಷ್ಟ. ಬೆಳ್ಳಗಿನ 6000 ಕೆಲ್ವಿನ್ ಬೆಳಕು ಶಿರಾಡಿಯ ಮಂಜಿಗೆ ಬಿದ್ದರೆ ಮುಂದೆ ಸುಣ್ಣದ ಗೋಡೆ ಎದ್ದ ಹಾಗೆ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗೆ ಕೇಸ್ ಹಾಕೋಕೆ ಶುರು ಮಾಡಿದ್ದೂ ಗೊತ್ತಿರಲಿ. ಎದುರಿಂದ ಅಂಥ ಗಾಡಿ ಬಂದಾಗ ನೀವೂ ಬೈದಿರುತ್ತೀರಿ.

ಇಷ್ಟೆಲ್ಲ ಮಾಡಿದರೂ ಮಳೆಗಾಲದಲ್ಲಿ ಕಮ್ಮಿಯೇ ಕಾಣುತ್ತೆ. ಒದ್ದೆ ಡಾಂಬರು ಕನ್ನಡಿ ಇದ್ದ ಹಾಗೆ, ನಿಮ್ಮ ಬೆಳಕನ್ನು ಮುಂದಕ್ಕೆ ತಳ್ಳಿಬಿಡುತ್ತೆ, ನಿಮ್ಮ ಕಡೆ ವಾಪಸ್ ಕಳಿಸಲ್ಲ. ಅಂಥ ಹೊತ್ತಲ್ಲಿ ನಾನು ನಲವತ್ತು ದಾಟಲ್ಲ.

ಕರಗಿದ ಹೋಲ್ಡರ್ ಇನ್ನೂ ಕಾರಿನ ಗ್ಲೋವ್ ಬಾಕ್ಸಲ್ಲಿದೆ. ಈಗ ಹೆಂಡತಿ ವಾಸನೆ ಅಂದರೆ ಮಾತಾಡದೆ ನಿಲ್ಲಿಸಿ ಬಾನೆಟ್ ಎತ್ತುತ್ತೀನಿ. ಹೋದ ತಿಂಗಳೂ ನಿಲ್ಲಿಸಿದೆ. ಆ ಸಲ ನಿಜವಾಗಿಯೂ ಲಾರಿ ಬ್ರೇಕೇ ಆಗಿತ್ತು.